ಬೇರೆಯವರ ದನಿಯಲ್ಲಿ ಅವ್ವ

ಸಿನಿಮಾ ಮಾಡುವುದನ್ನು ಕಲಿಯುತ್ತೇನೆ ಎಂದು ನಾಸಿಕದಿಂದ ಹೊರಟಾಗ ಅಪ್ಪ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಅವರು ಟೆಕ್ನಿಷಿಯನ್. ಗದಗಿನ ಕಡೆಯಿಂದ ಕೆಲಸಕ್ಕೆ ಬಂದು, ಆಮೇಲೆ ಮದುವೆಯಾಗಿ ಅವ್ವನನ್ನೂ ಕರೆತಂದವರು. ನಾನು ಹುಟ್ಟಿದ್ದು, ಮರಾಠಿ ಶಾಲೆಯಲ್ಲಿ ಓದಿದ್ದು ಎಲ್ಲ ನಾಸಿಕದಲ್ಲೇ. ಸಿನಿಮಾ ಕೋರ್ಸಿಗೆ ಸೇರಿದ್ದು ಈಗ ಛತ್ರಪತಿ ಸಂಭಾಜಿನಗರ ಎಂದು ಕರೆಯುವ ಊರಿನಲ್ಲಿ. ಆಗ ನಮ್ಮ ಬಾಯಲ್ಲಿ ಅದು ಔರಂಗಾಬಾದ್.

ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಕಿರುಚಿತ್ರ ಮಾಡಬೇಕಿತ್ತು. ನಾನು ಬಾಡಿಗೆಗಿದ್ದ ಮನೆಯ ಒಡತಿಯ ಗಂಡ ಊರಾಚೆ ಶೇಂದ್ರಾದ ಒಂದು ಕಾರ್ಖಾನೆಗೆ ಹೋಗುತ್ತಿದ್ದ. ಆಕೆ ಸಂಜೆಯಾದರೆ ಗೇಟಿನ ಬಳಿ ನಿಂತು ಕಂಪನಿ ಬಸ್ಸು ಬರುವ ದಾರಿ ನೋಡುವಳು. ಅದನ್ನೇ ಕತೆ ಮಾಡಿದೆ. ಒಬ್ಬ ಹೆಂಗಸು ಅಡುಗೆ ಮಾಡಿಟ್ಟು ಕಾಯುತ್ತಾಳೆ. ಬಸ್ಸು ಬರುವುದು ತಡವಾಗುತ್ತದೆ. ಪಕ್ಕದ ಮನೆಯವಳು ಕೇಳಿದರೆ ಬಸ್ಸು ಇನ್ನೂ ಬಂದಿಲ್ಲ ಅನ್ನುತ್ತಾಳೆ. ಒಳಗೆ ಬಂದು ತಾನೊಬ್ಬಳೇ ತಟ್ಟೆಗೆ ಬಡಿಸಿಕೊಂಡು, ಉಣ್ಣದೆ ಮುಚ್ಚಿಡುತ್ತಾಳೆ. ಗಂಡ ಫೋನ್ ಮಾಡಿದಾಗ ಉಂಡೆ ಅನ್ನುತ್ತಾಳೆ. ಅಷ್ಟೇ. ಬರೆದು ಹರಿದು, ಬರೆದು ಹರಿದು, ಮಾತುಗಳನ್ನೆಲ್ಲ ತೆಗೆದುಹಾಕುತ್ತ ಹೋದೆ. ಉಳಿದದ್ದು ಐದಾರು ಸಾಲು, ಎಲ್ಲವೂ ಮರಾಠಿಯಲ್ಲಿ.

ಆ ಪಾತ್ರಕ್ಕೆ ಊರಿನ ನಾಟಕ ತಂಡದ ಒಬ್ಬ ನಟಿ ಒಪ್ಪಿದ್ದರು. ಶೂಟಿಂಗ್ ಶುರುವಾಗುವ ಹಿಂದಿನ ದಿನ ಅವರು ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡರು. ಕ್ಯಾಮೆರಾವನ್ನು ಕಾಲೇಜು ಕೊಟ್ಟದ್ದು ಆ ವಾರಕ್ಕೆ ಮಾತ್ರ. ಅದು ಹೋದರೆ ಮತ್ತೆ ಸರದಿ ಬರುವುದು ಪರೀಕ್ಷೆಯಾದ ಮೇಲೆ.

ಅವ್ವ ಅದಾಗಲೇ ನನ್ನ ರೂಮಿನಲ್ಲಿದ್ದಳು. ನಮ್ಮ ತಂಡದವರಿಗೆ ಊಟದ ವ್ಯವಸ್ಥೆ ಮಾಡಲೆಂದು ಎಸ್‌ಟಿ ಬಸ್ಸಿನಲ್ಲಿ ಬಂದಿದ್ದಳು, ಚೀಲದಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿ. ನಾವು ಮೂವರೂ ತಲೆ ಮೇಲೆ ಕೈಹೊತ್ತು ಕೂತಿದ್ದೆವು. ನಾನು, ಕ್ಯಾಮೆರಾ ಹಿಡಿಯುವ ಒಬ್ಬ ಸಹಪಾಠಿ, ಧ್ವನಿ ಮತ್ತು ಎಡಿಟಿಂಗ್ ನೋಡಿಕೊಳ್ಳುವ, ಜಾಲನಾ ಊರಿನ ಗೆಳತಿ. ಆ ಗೆಳತಿಯೇ ಅವ್ವನ ಕಡೆ ನೋಡಿ, ಚಿಕ್ಕಮ್ಮನನ್ನು ಕರೆದಂತೆ, ಮರಾಠಿಯಲ್ಲಿ ಕೇಳಿದಳು, "ಕಾಕು, ನೀವೇ ಮಾಡ್ತೀರಾ?"

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಏನ್ ಮಾಡಬೇಕಾಗ್ತೈತಿ?" ಎಂದು ನನ್ನನ್ನು ಕೇಳಿದಳು.

"ಅಡಿಗಿ ಮಾಡೋದು, ಕಾಯೋದು," ಎಂದೆ.

"ಅದನ್ನೇನ್ ಕಲಿಸಬೇಕು," ಎಂದಳು.

ಅವ್ವನಿಗೆ ನಿಜಕ್ಕೂ ಕಲಿಸುವುದೇನೂ ಇರಲಿಲ್ಲ. ಕ್ಯಾಮೆರಾ ಎದುರಿಗಿದೆ ಎಂಬುದನ್ನು ಅವಳು ಮರೆತೇಬಿಟ್ಟಂತಿತ್ತು. ಸೆರಗಿನಿಂದ ಕೈ ಒರೆಸಿಕೊಂಡು ಗೇಟಿನ ತನಕ ಹೋಗಿ, ರಸ್ತೆಯ ತುದಿಯನ್ನು ನೋಡಿ, ಅಲ್ಲೇ ನಿಲ್ಲಬೇಕೋ ಒಳಗೆ ಹೋಗಬೇಕೋ ತಿಳಿಯದೆ ಒಂದು ಹೆಜ್ಜೆ ಹಿಂದಿಟ್ಟಳು. ಆ ಹೆಜ್ಜೆ ನನ್ನ ಬರಹದಲ್ಲಿ ಇರಲೇ ಇಲ್ಲ. ಕ್ಯಾಮೆರಾದ ಹುಡುಗ ನನ್ನತ್ತ ತಿರುಗಿ ಕಣ್ಣರಳಿಸಿದ. ಆ ವಾರ ನಾನು ಇದ್ದಷ್ಟು ಖುಷಿಯಾಗಿ ಮತ್ತೆಂದೂ ಇದ್ದ ನೆನಪಿಲ್ಲ. ಅವ್ವನೂ ಖುಷಿಯಾಗಿದ್ದಳು. ಚಹಾ ಕುಡಿಯುವಾಗ ಹುಡುಗರ ಜತೆ ತನ್ನ ಮರಾಠಿಯಲ್ಲಿ ಹರಟುತ್ತಿದ್ದಳು, ಮನೆಯೊಡತಿಗೆ ಖಾರಬ್ಯಾಳಿ ಮಾಡುವುದನ್ನು ಹೇಳಿಕೊಡುತ್ತಿದ್ದಳು.

ಶೂಟಿಂಗ್ ಮುಗಿಸಿ ಅವ್ವ ನಾಸಿಕಕ್ಕೆ ಹೋದಳು. ನಾನೂ ಗೆಳತಿಯೂ ಎಡಿಟಿಂಗ್ ರೂಮು ಸೇರಿದೆವು. ಅಲ್ಲಿ ಹೆಡ್‌ಫೋನ್ ಹಾಕಿಕೊಂಡು ಒಂದೇ ದೃಶ್ಯವನ್ನು ಮತ್ತೆ ಮತ್ತೆ ಕೇಳುವಾಗ, ಗೆಳತಿ ಹೇಳಲೋ ಬೇಡವೋ ಎಂಬಂತೆ ಹೇಳಿದಳು, "ಕಾಕು 'ಬಸ್ ಅಜೂನ್ ಆಲಾ ನಾಹೀ' ಅಂತಾರೆ. ಆಲೀ ಅನ್ನಬೇಕು."

ಮರಾಠಿಯಲ್ಲಿ ಬಸ್ಸು ಹೆಣ್ಣು, ಬಂದರೆ ಆಲೀ; ಗಂಡು ಬಂದರೆ ಆಲಾ. ಅವ್ವ ಅದನ್ನು ಗಂಡು ಮಾಡಿದ್ದಳು. ಚಹಾ ಗಂಡು, ಅದನ್ನು ಹೆಣ್ಣು ಮಾಡಿದ್ದಳು. ಹುಟ್ಟಿದಾಗಿನಿಂದ ಆ ಮರಾಠಿಯನ್ನೇ ಕೇಳುತ್ತ ಬೆಳೆದ ನನ್ನ ಕಿವಿಗೆ ಶೂಟಿಂಗಿನಲ್ಲಿ ಅದು ತಪ್ಪೆಂದು ಹೊಳೆದೇ ಇರಲಿಲ್ಲ. ಗೆಳತಿಗೆ ಅಂದೇ ಕೇಳಿಸಿತ್ತಂತೆ. ಹಿರಿಯರಿಗೆ ಹೇಗೆ ಹೇಳುವುದೆಂದು ಸುಮ್ಮನಿದ್ದಳಂತೆ.

ನಮಗೆ ಕಲಿಸುತ್ತಿದ್ದ ಮೇಡಂ ನೋಡಿ, "ಇದು ತೊಂದರೆಯಲ್ಲ. ಆ ಹೆಂಗಸು ಕರ್ನಾಟಕದವಳು ಅಂತ ಮಾಡು. ಒಂದು ಸಾಲು ಸೇರಿಸಿದರೆ ಸಾಕು. ಕತೆ ಇನ್ನೂ ಗಟ್ಟಿಯಾಗುತ್ತೆ," ಎಂದರು. ನನಗೂ ಹೌದೆನ್ನಿಸಿತು. ಪರಭಾಷೆಯ ಊರಿನಲ್ಲಿ ಕಾಯುತ್ತ ನಿಂತ ಹೆಂಗಸು. ಇಷ್ಟು ದಿನ ಕತೆಯಲ್ಲಿ ಏನೋ ಕಡಿಮೆಯಿದೆ ಅನ್ನಿಸುತ್ತಿದ್ದದ್ದು ಅದೇ ಇರಬೇಕು ಅಂದುಕೊಂಡೆ.

ಅರ್ಧ ಎಡಿಟ್ ಆದ ಚಿತ್ರವನ್ನು ಸಿಡಿಗೆ ಹಾಕಿಕೊಂಡು ಶನಿವಾರ ನಾಸಿಕಕ್ಕೆ ಹೋದೆ. ಅಪ್ಪ ಕುರ್ಚಿ ಎಳೆದುಕೊಂಡು ಕಂಪ್ಯೂಟರ್ ಮುಂದೆ ಕೂತರು. ಅವ್ವ ಬಾಗಿಲ ಚೌಕಟ್ಟಿಗೆ ಆತು ನಿಂತಳು. ತನ್ನ ಮುಖ ಕಂಡಾಗ ನಾಚಿ ನಕ್ಕಳು. ಮಾತು ಬಂದಾಗ ನಗು ನಿಂತಿತು.

"ಇದು ನನ್ನ ದನಿ ಏನ?"

"ಹೂಂ ಅವ್ವಾ."

ಅಪ್ಪ ತಮಾಷೆಗೆ ಹೇಳಿದರು. ಕೆಟ್ಟ ಮನಸ್ಸಿನಿಂದಲ್ಲ, ಅವರ ಮಾತಿನ ರೀತಿಯೇ ಹಾಗೆ. "ಇಪ್ಪತ್ತು ವರ್ಷದ ಮ್ಯಾಲಾತು ಬಂದು. ಇನ್ನೂ ಬಸ್ಸಿಗೆ ಮೀಸಿ ಇಟ್ಟೀಯಲ್ಲ."

ಅವ್ವನಿಗೆ ಅರ್ಥವಾಗಲಿಲ್ಲ. ಅಪ್ಪ ಬಿಡಿಸಿ ಹೇಳಿದರು. ಅವ್ವ ಮತ್ತೊಮ್ಮೆ ಹಚ್ಚು ಎಂದಳು. ಹಚ್ಚಿದೆ. ಇನ್ನೊಮ್ಮೆ ಎಂದಳು. ಮೂರನೆಯ ಸಲ ಕೇಳುವಾಗ ಅವಳ ತುಟಿ ತಾನೂ ಆ ಮಾತನ್ನು ಹೇಳುತ್ತಿತ್ತು, ದನಿಯಿಲ್ಲದೆ.

"ಕಾಯಿಪಲ್ಯಾದಾಕಿ ಕೂಡ, ಬಾಜೂದವರ ಕೂಡ, ಎಲ್ಲಾರ ಕೂಡ ನಾ ಹಿಂಗ ಮಾತಾಡ್ತೇನಿ?"

ನಾನು ಸಮಾಧಾನ ಮಾಡಲು ನೋಡಿದೆ. "ನಾನೂ ಸಣ್ಣಾಕಿ ಇದ್ದಾಗ ಕನ್ನಡದಾಗ ಬಸ್ ಬಂದಳು ಅಂತಿದ್ನಲ್ಲ ಅವ್ವಾ, ನೀ ನಗತಿದ್ದಿ."

"ನಿನಗ ನಾ ತಿದ್ದಿದೆ," ಎಂದಳು ಅವ್ವ. "ನನಗ ಯಾರು ತಿದ್ದಿದ್ರು?"

ಅಪ್ಪ ಎದ್ದು ಪೇಪರ್ ಹಿಡಿದು ಹೊರಗೆ ಹೋದರು. ನಾನು ಮೇಡಂ ಹೇಳಿದ್ದನ್ನು ಹೇಳಿದೆ. ಆ ಹೆಂಗಸನ್ನು ಕರ್ನಾಟಕದವಳನ್ನಾಗಿ ಮಾಡುತ್ತೇವೆ, ಆಗ ಅದು ತಪ್ಪೇ ಅಲ್ಲ, ಅದೇ ಅವಳ ಮಾತು. ಉತ್ಸಾಹದಿಂದಲೇ ಹೇಳಿದ್ದೆ. ಅವ್ವ ಅಡುಗೆಮನೆಗೆ ಹೋಗಿ ಸುಮ್ಮನೆ ಕಟ್ಟೆ ಒರೆಸತೊಡಗಿದಳು.

"ಹಂಗ ಮಾಡಿದ್ರ ಅದು ನನ್ನ ಕತಿ ಆಗ್ತೈತಿ," ಎಂದಳು. "ನಿಮ್ಮಪ್ಪ ಫ್ಯಾಕ್ಟರಿ ಬಸ್ಸಿಗೆ ಹೋಗ್ತಾರ. ನಾ ಮನ್ಯಾಗ ಒಬ್ಬಾಕಿ ಇರ್ತೇನಿ. ಉಣ್ಣದ ಉಂಡೆ ಅಂತೇನಿ. ನೋಡಿದ ಮಂದಿಗೆಲ್ಲ ಗೊತ್ತಾಗ್ತೈತಿ. ನಾ ಒಲ್ಲೆ."

ಆ ಕತೆ ಬಾಡಿಗೆ ಮನೆಯೊಡತಿಯದೆಂದೇ ನಂಬಿ ಬರೆದಿದ್ದೆ. ಮುಚ್ಚಿಟ್ಟ ತಟ್ಟೆಯನ್ನು ನಾನು ಆ ಒಡತಿಯ ಮನೆಯಲ್ಲಿ ಯಾವತ್ತೂ ಕಂಡಿರಲಿಲ್ಲ. ಅದು ಎಲ್ಲಿಂದ ಬಂತು ಎಂದು ಆ ಕ್ಷಣದವರೆಗೆ ಕೇಳಿಕೊಂಡೂ ಇರಲಿಲ್ಲ.

"ಬ್ಯಾರೇದವರ ದನಿ ಹಾಕಾಕ ಬರತೈತೇನು?" ಅವ್ವ ಕೇಳಿದಳು.

"ಬರತೈತಿ. ಆದ್ರ ನಿನ್ನ ದನೀನ ಚಂದ ಐತಿ ಅವ್ವಾ."

"ಚಂದ ಇರ್ಲಿ, ಬಿಡ್ಲಿ. ತಗದು ಹಾಕು."

ಕಾಲು ಮುರಿದುಕೊಂಡಿದ್ದ ನಟಿಯನ್ನೇ ಕರೆದೆವು. ಅವರು ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಕಿಟಕಿಗಳಿಗೆ ಗಾದಿ ಒಡ್ಡಿದ ಚಿಕ್ಕ ಕೋಣೆಯಲ್ಲಿ ಕೂತರು. ಒಳ್ಳೆಯ ನಟಿ. ತುಂಬು ದನಿ, ತಪ್ಪಿಲ್ಲದ ಮರಾಠಿ. ಆದರೂ ಹೊಂದಿಸಲು ಕಷ್ಟವಾಯಿತು. ಅವ್ವ ಮಾತಿಗೆ ಮುಂಚೆ ಒಂದಿಷ್ಟು ತಡೆಯುತ್ತಿದ್ದಳು. ಆ ತಡೆಯಲ್ಲಿ ಅವಳು ಶಬ್ದ ಹುಡುಕುತ್ತಿದ್ದಳೆಂದು ನನಗೆ ಆಗ ತಿಳಿಯಿತು. ಮಾತಿಗಾಗಿ ಹುಡುಕಬೇಕಿಲ್ಲದವರಿಗೆ ಅಷ್ಟು ಹೊತ್ತು ಸುಮ್ಮನಿರಲು ಆಗುತ್ತಿರಲಿಲ್ಲ.

ಅವ್ವನ ದನಿ ತೆಗೆದಾಗ ಅದರ ಜತೆ ಬಹಳಷ್ಟು ಹೋಯಿತು. ಎಲ್ಲವೂ ಒಂದೇ ಮೈಕಿನಲ್ಲಿ ಸೇರಿಕೊಂಡಿತ್ತು. ಬಳೆಯ ಸದ್ದು, ಉಸಿರು, ಕುಕ್ಕರ್ ಇಳಿಸುವಾಗ ಅವಳು ಬಾಯಲ್ಲೇ ಅಂದುಕೊಳ್ಳುವ ಏನೋ ಒಂದು. ಬಳೆಯ ಸದ್ದಿಗೆ ನಾನು ಗಾಜಿನ ಬಳೆ ತೊಟ್ಟು ಮೈಕಿನ ಮುಂದೆ ಕೈ ಆಡಿಸಿದೆ. ತಟ್ಟೆ, ಲೋಟ, ಚಪ್ಪಲಿ, ಎಲ್ಲ ಸದ್ದನ್ನೂ ಬೇರೆ ಮಾಡಿ ಹಾಕಿದೆವು. ಕೆಲಸ ಮುಗಿದಾಗ ಗೆಳತಿ ಹೆಡ್‌ಫೋನ್ ಕೆಳಗಿಟ್ಟು, "ನೀಟಾಗಿದೆ," ಎಂದಳು. ಅವಳ ಮುಖದಲ್ಲಿ ಸಂತೋಷವಿರಲಿಲ್ಲ.

ಪ್ರದರ್ಶನಕ್ಕೆ ಅಪ್ಪ ರಜೆ ಹಾಕಿ ಅವ್ವನನ್ನು ಕರೆತಂದರು. ಇಬ್ಬರೂ ಕೊನೆಯ ಸಾಲಿನಲ್ಲಿ ಕೂತರು. ಪರದೆಯ ಮೇಲೆ ಅವ್ವ ಗೇಟಿನ ಬಳಿ ನಿಂತು, ಬೇರೊಬ್ಬರ ದನಿಯಲ್ಲಿ, ಬಸ್ಸು ಇನ್ನೂ ಬಂದಿಲ್ಲ ಎಂದಳು. ವ್ಯಾಕರಣ ಸರಿಯಿತ್ತು. ಜನ ಚಪ್ಪಾಳೆ ತಟ್ಟಿದರು. ಅತಿಥಿಯಾಗಿ ಬಂದಿದ್ದ ಹಿರಿಯರೊಬ್ಬರು ಅವ್ವನ ಹತ್ತಿರ ಹೋಗಿ, ಎಷ್ಟು ಸಹಜ ಅಭಿನಯ, ಮೊದಲು ನಾಟಕದಲ್ಲಿ ಮಾಡಿದ್ದೀರಾ ಎಂದು ಮರಾಠಿಯಲ್ಲಿ ಕೇಳಿದರು. ಅವ್ವ ಕೈಮುಗಿದು ಇಲ್ಲವೆಂದು ತಲೆಯಾಡಿಸಿದಳು. ಅವರು ಮತ್ತೇನೋ ಕೇಳಿದರು. ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪನೇ ಉತ್ತರ ಕೊಟ್ಟರು.

ಚಿತ್ರಕ್ಕೆ ಒಳ್ಳೆಯ ಅಂಕ ಬಂತು, ಬಹುಮಾನವೇನೂ ಬರಲಿಲ್ಲ. ಮೂಲ ಟೇಪುಗಳನ್ನು ಕಾಲೇಜು ವಾಪಸ್ ತೆಗೆದುಕೊಂಡಿತು. ಮುಂದಿನ ತಂಡದವರು ಅವುಗಳ ಮೇಲೆಯೇ ತಮ್ಮ ಚಿತ್ರ ತೆಗೆದರು. ಅದು ಅಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ನನಗೆ ಪುಣೆಯ ಒಂದು ಸ್ಟುಡಿಯೋದಲ್ಲಿ ಡಬ್ಬಿಂಗ್ ವಿಭಾಗದ ಕೆಲಸ ಸಿಕ್ಕಿತು. ಸ್ವಂತ ಚಿತ್ರವೆಂದು ಆಮೇಲೆ ಏನನ್ನೂ ಮಾಡಲಿಲ್ಲ.

ಅವ್ವ ಮಾತು ಬಿಡಲಿಲ್ಲ, ಕಡಿಮೆ ಮಾಡಿದಳು. ಕಾಯಿಪಲ್ಯೆಯವಳ ಮುಂದೆ ಬೆರಳು ತೋರಿಸಿ ತೆಗೆದುಕೊಳ್ಳುತ್ತಿದ್ದಳು. ಗೇಟಿನ ಬಳಿ ಯಾರಾದರೂ ನಿಲ್ಲಿಸಿದರೆ ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಬರುತ್ತಿದ್ದಳು. ಒಮ್ಮೆ ಪಕ್ಕದ ಮನೆಯಾಕೆ ನನ್ನನ್ನು ಕರೆದು ಕೇಳಿದರು, "ನಿನ್ನ ಅವ್ವನಿಗೆ ನಮ್ಮ ಮೇಲೆ ಸಿಟ್ಟೇನು? ಮೊದಲಿನ ಹಾಗೆ ಮಾತಾಡೋದಿಲ್ಲ." ಇಲ್ಲ ಕಾಕು, ಮೈ ಹುಷಾರಿಲ್ಲ ಎಂದೆ.

ಕೆಲವು ವರ್ಷಗಳ ಮೇಲೆ ಸಂಕ್ರಾಂತಿಗೆ ಮನೆಗೆ ಬಂದಿದ್ದೆ. ಪಕ್ಕದ ಮನೆಯಲ್ಲಿ ಅರಿಸಿನ ಕುಂಕುಮಕ್ಕೆ ಕರೆದಿದ್ದರು. ಎಳ್ಳುಂಡೆ ಹಂಚಿದ ಮೇಲೆ ಉಖಾಣೆ ಶುರುವಾಯಿತು. ಗಂಡನ ಹೆಸರು ಸೇರಿಸಿ ಪ್ರಾಸ ಕಟ್ಟಿ ಹೇಳುವುದು, ನಮ್ಮ ಕಡೆ ಒಡಪು ಅನ್ನುತ್ತೇವಲ್ಲ, ಅದೇ. ಹಿಂದೆಲ್ಲ ಅವ್ವ ಅರ್ಧ ಕನ್ನಡ ಅರ್ಧ ಮರಾಠಿ ಸೇರಿಸಿ ಏನೋ ಒಂದು ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು. ಆ ದಿನ ಸರದಿ ಬಂದಾಗ ಗಂಟಲು ಸರಿಯಿಲ್ಲ ಎಂದು ಕೈಸನ್ನೆ ಮಾಡಿದಳು. ಹೆಂಗಸರು ಒತ್ತಾಯ ಮಾಡಿದರು, ಆಮೇಲೆ ಮುಂದಿನವರ ಕಡೆ ತಿರುಗಿದರು.

ಮನೆಗೆ ಬಂದ ಮೇಲೆ ನಾನು ಹೇಳಿದೆ, "ಒಂದು ಹೇಳಬೇಕಾಗಿತ್ತು ಅವ್ವಾ. ಯಾರೂ ಏನೂ ಅನ್ಕೋತಿರಲಿಲ್ಲ."

ಅವ್ವ ಸೀರೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ.

"ನೀನೂ ಅಲ್ಲೇ ಕೇಳ್ಕೋತ ಕುಂತಿದ್ದೆಲ್ಲ," ಎಂದಳು.