ಒಂದೇ ಅಂಕ, ಎರಡು ಪಿಂಚಣಿ

ನಾನೂ ನನ್ನ ಗಂಡನೂ ಒಂದೇ ನೇಮಕಾತಿಯಲ್ಲಿ ಸರ್ಕಾರಿ ಶಾಲೆಗೆ ಸೇರಿದವರು. ಬರೆದ ಪರೀಕ್ಷೆ ಒಂದೇ, ಬಂದ ಅಂಕವೂ ಒಂದೇ. ಅಂಕ ಸಮನಾದರೆ ವಯಸ್ಸಿನಲ್ಲಿ ದೊಡ್ಡವರನ್ನು ಮೇಲೆ ಹಾಕುವುದು ನಿಯಮ. ಅವರು ನನಗಿಂತ ಕೆಲವೇ ತಿಂಗಳು ದೊಡ್ಡವರು. ಶಾಲೆ ಹಂಚುವ ಮೊದಲ ಸುತ್ತಿನ ಕೌನ್ಸೆಲಿಂಗ್ ಅವರ ಹೆಸರಿಗೇ ಮುಗಿಯಿತು. ಆಗ ನಮಗೆ ಪರಿಚಯವೂ ಇರಲಿಲ್ಲ. ಶಿವಮೊಗ್ಗದ ಆ ಕಚೇರಿಯ ವರಾಂಡದಲ್ಲಿ ನನ್ನ ಮುಂದೆ ಕೂತಿದ್ದ ಯಾರೋ ಒಬ್ಬರು ಎದ್ದು ಒಳಗೆ ಹೋದರು, ನಾನು ಬರಿಗೈಯಲ್ಲಿ ಊರಿನ ಬಸ್ಸು ಹತ್ತಿದೆ, ಅಷ್ಟೇ.

ಅವರಿಗೆ ಶಿಕಾರಿಪುರ ತಾಲ್ಲೂಕಿನಲ್ಲಿ, ಅಂಬ್ಲಿಗೊಳದ ಹತ್ತಿರದ ಶಾಲೆ ಸಿಕ್ಕಿತು. ಎರಡನೇ ಸುತ್ತು ಮುಂದೆ ಮುಂದೆ ಹೋಗಿ ನನಗೆ ಆದೇಶ ಬಂದಾಗ ಮಳೆಗಾಲ. ಸೊರಬ ತಾಲ್ಲೂಕಿನ ಕುಬಟೂರಿನ ಕಡೆಗೆ ಹಾಕಿದರು. ಮರುವರ್ಷ ಒಂದು ತರಬೇತಿಯಲ್ಲಿ ಪರಿಚಯವಾಗಿ, ಹಿರಿಯರು ಒಪ್ಪಿ, ಮದುವೆಯಾಯಿತು. ಇಬ್ಬರಿಗೂ ಅನುಕೂಲವಾಗಲೆಂದು ಶಿರಾಳಕೊಪ್ಪದಲ್ಲಿ ಮನೆ ಮಾಡಿದೆವು.

ಆ ಎರಡು ಸುತ್ತುಗಳ ನಡುವೆ 2006ರ ಏಪ್ರಿಲ್ ಒಂದನೇ ತಾರೀಖು ದಾಟಿತ್ತು. ಅದಕ್ಕೆ ಮೊದಲು ಸೇರಿದವರಿಗೆ ಹಳೆಯ ಪಿಂಚಣಿ: ನಿವೃತ್ತಿಯಾದ ಮೇಲೆ ಬದುಕಿರುವಷ್ಟು ಕಾಲ ಸರ್ಕಾರವೇ ತಿಂಗಳು ತಿಂಗಳು ಕೊಡುತ್ತದೆ, ಇಂತಿಷ್ಟು ಎಂಬ ಖಾತ್ರಿಯಿದೆ. ಆಮೇಲೆ ಸೇರಿದವರಿಗೆ ಹೊಸದು: ಸಂಬಳದಲ್ಲಿ ಹಿಡಿದ ಹಣ ಮಾರುಕಟ್ಟೆಗೆ ಹೋಗಿ, ಕೊನೆಗೆ ಎಷ್ಟಾಗಿರುತ್ತದೋ ಅಷ್ಟು. ಚಿಕ್ಕವಯಸ್ಸಿನಲ್ಲಿ ಇದು ನನ್ನ ತಲೆಗೇ ಹೋಗಲಿಲ್ಲ. ನನ್ನ ಅತ್ತೆ ಮಾತ್ರ ಮಗನಿಂದ ಎಲ್ಲ ಬಿಡಿಸಿ ಕೇಳಿ, "ಮದ್ವೀಗೆ ಹುಡುಗ ದೊಡ್ಡೋನಿರ್ಬೇಕು ಅಂತಾರೆ, ಸರಿ. ಪಿಂಚಣಿಗೂ ಹಂಗೇ ನೋಡ್ತಾರೇನು?" ಅಂದಿದ್ದರು.

ನನ್ನ ಶಾಲೆಯಲ್ಲಿ, ವಯೋಮಿತಿ ಮುಗಿಯುವ ಹೊತ್ತಿಗೆ ಕೆಲಸ ಸಿಕ್ಕು ನನ್ನ ಜೊತೆಗೇ ಸೇರಿದ ಹಿರಿಯ ಶಿಕ್ಷಕಿಯೊಬ್ಬರಿದ್ದರು. ಅವರು ನಿವೃತ್ತರಾದ ಮೇಲೆ ಒಮ್ಮೆ ಆನವಟ್ಟಿಯ ಸಂತೆಯಲ್ಲಿ ಸಿಕ್ಕರು. ಬರುವ ಪಿಂಚಣಿ ಮಾತ್ರೆ-ಔಷಧಿಗೂ ಸಾಲುವುದಿಲ್ಲ, ತಮ್ಮನ ಮನೆಯಲ್ಲಿದ್ದೇನೆ ಎಂದರು. ಎಂದೂ ಯಾರ ಹಂಗಿನಲ್ಲೂ ಇರದಿದ್ದ ಹೆಂಗಸು ತರಕಾರಿಯ ಬೆಲೆ ಕೇಳಿ ಕೇಳಿ ಮುಂದೆ ಹೋಗುತ್ತಿದ್ದುದನ್ನು ನೋಡಿದ ಮೇಲೆ ನನಗೆ ಭಯ ಹುಟ್ಟಿತು.

ರಾತ್ರಿ ಊಟಕ್ಕೆ ಕೂತಾಗ ಅದನ್ನು ಗಂಡನಿಗೆ ಹೇಳಿದೆ. ಅವರು ಸಮಾಧಾನಕ್ಕೆಂದೇ ಹೇಳಿದರು: "ಯಾಕೆ ಹೆದರ್ತಿ? ನಾ ಹೋದ್ರೂ ನನ್ ಪಿಂಚಣೀಲಿ ನಿಂಗೆ ಬರ್ತತಲ್ಲ."

ನನಗೆ ಅಳು ಬಂತು. "ನಾನೂ ನಿಮ್ಮಷ್ಟೇ ವರ್ಷ ಪಾಠ ಮಾಡೀನ್ರೀ. ನನ್ ಮುಪ್ಪಿನ ಅನ್ನಕ್ಕೆ ನೀವು ಸಾಯ್ಬೇಕಾ?"

ಅವರು ತಟ್ಟೆಯಿಂದ ಕೈ ತೆಗೆದರು. ಅಂದಿನಿಂದ ಆ ಮಾತನ್ನು ಅವರು ಮತ್ತೆ ಆಡಲಿಲ್ಲ. ಹಳೆಯ ಪಿಂಚಣಿ ಕೇಳಿ ಯಾವ ಸಂಘದ ಮನವಿ ಬಂದರೂ ಮೊದಲು ಓದಿ, ಮುಖ್ಯವಾದದ್ದಕ್ಕೆ ಗೆರೆ ಎಳೆದು ನನ್ನ ಮುಂದಿಡುತ್ತಿದ್ದರು.

ವರ್ಷಗಟ್ಟಲೆ ಧರಣಿ, ತೋಳಿಗೆ ಕಪ್ಪುಪಟ್ಟಿ, ಭರವಸೆ ಎಲ್ಲ ಆದವು. ಕೊನೆಗೆ ಒಂದು ದಿನ ಮಧ್ಯಾಹ್ನ, ಮಕ್ಕಳು ಊಟಕ್ಕೆ ಕೂತಿದ್ದಾಗ, ಚಿಕ್ಕ ಮಕ್ಕಳ ನಲಿಕಲಿ ತರಗತಿಯ ಶಿಕ್ಷಕಿ ಮೊಬೈಲ್ ಹಿಡಿದು ಓಡಿಬಂದಳು. ಸೊರಬದವಳು, ನನಗಿಂತ ಬಹಳ ಚಿಕ್ಕವಳು, ನನ್ನ ನಂತರದ ನೇಮಕಾತಿಯವಳು. ನೇಮಕಾತಿಯ ಅಧಿಸೂಚನೆ ಆ ಏಪ್ರಿಲ್ ಒಂದಕ್ಕೆ ಮೊದಲೇ ಹೊರಟು, ಆದೇಶ ತಡವಾಗಿ ಸಿಕ್ಕವರೂ ಹಳೆಯ ಪಿಂಚಣಿಗೆ ಬರಬಹುದು ಎಂದು ಸರ್ಕಾರ ಒಪ್ಪಿತ್ತು. ಅವಳೇ ಪೂರ್ತಿ ಓದಿ ಹೇಳಿದಳು. ನಾನು ಸಾರಿನ ಸೌಟು ಹಿಡಿದುಕೊಂಡೇ ನಿಂತಿದ್ದೆ.

"ನಿಮ್ದಾಯ್ತು ಮೇಡಂ," ಎಂದು ನನ್ನ ಕೈ ಹಿಡಿದಳು. ಆಮೇಲೆ ಮೆಲ್ಲಗೆ, "ನಮ್ದು ಅಧಿಸೂಚನೇನೇ ಆಮೇಲಿಂದು ಅಲ್ದಾ," ಅಂದಳು.

ನನ್ನ ಸಂತೋಷವನ್ನು ಅವಳ ಎದುರಿಗೆ ಎಲ್ಲಿಡಲಿ ಎಂದು ತಿಳಿಯಲಿಲ್ಲ. ಅವಳು ಸೌಟು ತೆಗೆದುಕೊಂಡು ಉಳಿದ ಮಕ್ಕಳಿಗೆ ತಾನೇ ಬಡಿಸಿದಳು.

ಸಂಜೆ ಗಂಡ ಬಸ್‌ಸ್ಟ್ಯಾಂಡಿಗೇ ಬಂದಿದ್ದರು. ಸುದ್ದಿ ಅವರಿಗೂ ಮುಟ್ಟಿತ್ತು. ಹೋಟೆಲಿನಲ್ಲಿ ಕೂತು ಮಸಾಲೆದೋಸೆ ತಿಂದೆವು. "ಈಗ ಇಬ್ರೂ ಒಂದೇ ತಕ್ಕಡೀಲಿ ಬಂದ್ವಿ ನೋಡು," ಎಂದರು. ಅವರ ಕಣ್ಣು ಒದ್ದೆಯಾಗಿತ್ತು, ನನ್ನದೂ.

ಮರುವಾರ ಸೊರಬದ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ. ತಿಂಗಳುಗಳು ಕಳೆದು ಒಪ್ಪಿಗೆ ಬಂತು. ಸಂಬಳದಲ್ಲಿ ಹಿಡಿಯುವುದು ನಿಂತಿತು. ಧರಣಿಗಳು ನಿಂತಿಲ್ಲ. ನಿಮ್ಮದು ಮುಗಿಯಿತಲ್ಲ, ಇನ್ನೂ ಯಾಕೆ ಬರುತ್ತೀರಿ ಎಂದು ಕೆಲವರು ಕೇಳುತ್ತಾರೆ. ನಲಿಕಲಿಯ ಹುಡುಗಿ ಪಕ್ಕದಲ್ಲಿ ನನಗೆ ಜಾಗ ಹಿಡಿದಿರುತ್ತಾಳೆ, ಹೋಗಿ ಕೂರುತ್ತೇನೆ.