ಗೇರು ಮಾವನ ಎಡಗಾಲು

ಬೀದಿಯವರೆಲ್ಲ ‘ಗೇರು ಮಾವ’ ಎಂದೇ ಕರೆಯುವ ಅವರು ಮೀಸೆ ಚಿಗುರಿದಂದಿನಿಂದ ಓಡಿಸಿದ್ದೆಲ್ಲ ಗೇರಿನ ಕಾರುಗಳನ್ನೇ. ಬೇರೆಯವರ ಪಕ್ಕದಲ್ಲಿ ಕೂತರೂ ತಿರುವು ಬಂದರೆ ಅವರ ಎಡಗಾಲು ಇಲ್ಲದ ಕ್ಲಚ್ಚನ್ನು ತುಳಿಯುತ್ತದೆ. ಇಂಜಿನ್ ತುಸು ಗೊರಗುಟ್ಟಿದರೆ, ‘ಸೆಕೆಂಡಿಗೆ ಹಾಕಪ್ಪಾ, ಅದರ ಜೀವ ತಿನ್ಬೇಡ!’ ಎಂದು ಸಂಕಟಪಡುತ್ತಾರೆ. ಗೇರಿಲ್ಲದ ಕಾರು ಕೊಳ್ಳಿ ಎಂದು ಮಗಳು ಹೇಳಿದರೆ, ‘ಅದರಲ್ಲಿ ನಾನು ಸಾಮಾನಿನ ಹಾಗೆ ಕೂತಿರ್ಬೇಕಷ್ಟೆ’ ಎಂದು ಮುಖ ತಿರುಗಿಸುತ್ತಾರೆ. ಆದರೆ ಈಚೆಗೆ ಎಡಮಂಡಿ ಅವರ ಮಾತು ಕೇಳುತ್ತಿಲ್ಲ. ಹೋದ ತಿಂಗಳು ಆಸ್ಪತ್ರೆ ದಿಬ್ಬದ ಸಿಗ್ನಲ್ಲಿನಲ್ಲಿ ಕ್ಲಚ್ಚಿನಿಂದ ಕಾಲು ಜಾರಿ, ಇಂಜಿನ್ ನಿಂತು, ಕಾರು ಹಿಂದಕ್ಕೆ ಉರುಳಿತು. ಹಿಂದಿದ್ದ ಸ್ಕೂಟರು ಕೂದಲೆಳೆಯ ಅಂತರದಲ್ಲಿ ಪಾರಾಯಿತು. ಅದನ್ನು ಯಾರಿಗೂ ಹೇಳದೆ, ಅಂದಿನಿಂದ ದಿಬ್ಬ ತಪ್ಪಿಸಿ, ಕೆಳಗಿನ ರಸ್ತೆ ಹಿಡಿದು ಊರೆಲ್ಲ ಸುತ್ತುತ್ತಾರೆ. ನಿನ್ನೆ ದಿಬ್ಬದ ತಿರುವು ಹತ್ತಿರವಾಗಿ, ಅವರು ನೆಪ ಹುಡುಕುತ್ತಿದ್ದಾಗ, ಪಕ್ಕದಲ್ಲಿ ಕೂತಿದ್ದ, ಸುತ್ತುದಾರಿಯೆಂದರೆ ಸಿಡುಕುವ ಹೆಂಡತಿ ಕಿಟಕಿಯಾಚೆ ನೋಡುತ್ತಲೇ, ‘ಕೆಳಗಿನ ರಸ್ತೇಲೇ ಹೋಗೋಣ ಕಣ್ರೀ, ನಂಗೇನೂ ಅವಸರ ಇಲ್ಲ’ ಎಂದರು.