ಅವ್ವನ ರಕ್ತದಲ್ಲಿ ಸೇವಂತಿಗೆ

ತುಕ್ಕಾನಟ್ಟಿಯ ನಮ್ಮ ಮನೆಯಲ್ಲಿ ಅವ್ವ ಬೆಳಿಗ್ಗೆ ಲಿಂಗಪೂಜೆಗೆ ಕೂತಳೆಂದರೆ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಎಡ ಅಂಗೈಯಲ್ಲಿ ಇಷ್ಟಲಿಂಗ. ಅದನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದು ಸೇವಂತಿಗೆಯ ಎಸಳುಗಳನ್ನು ಒಂದೊಂದಾಗಿ ಏರಿಸುವಳು. ಮೊದಲು ಸೀನು, ಆಮೇಲೆ ಎದೆಯೊಳಗಿಂದ ಸುಂಯ್ ಸುಂಯ್. ಆ ಸಪ್ಪಳಕ್ಕೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಉಸಿರು ಕಟ್ಟಿದರೂ ಅವಳು ಏಳುತ್ತಿರಲಿಲ್ಲ.

"ಪೂಜಿಯೊಳಗ ಏನೋ ಕಡಿಮಿ ಆಗೈತಿ. ಹೂ ಹೆಚ್ಚು ಏರಿಸು," ಎಂದಳು ಅಪ್ಪನ ತಾಯಿ, ನಮ್ಮ ಆಯಿ. ಹೂವಿಗೇನು ಬರ? ಬದುವಿನ ತುಂಬ ನಮ್ಮದೇ ಸೇವಂತಿಗೆ. ಅಪ್ಪ ಬುಟ್ಟಿ ತುಂಬ ತಂದಿಡತೊಡಗಿದ. ಅವ್ವ ಬೇಡ ಅನ್ನಲಿಲ್ಲ. ಪೂಜೆ ಇನ್ನಷ್ಟು ಉದ್ದವಾಯಿತು, ಉಬ್ಬಸವೂ ಹೆಚ್ಚಿತು.

ಒಂದು ಮುಂಜಾನೆ ಅವಳ ತುಟಿ ನೀಲಿಗಟ್ಟಿತು. ಅಪ್ಪ ಗೋಕಾಕಿಗೆ ಕರೆದೊಯ್ದ, ನಾನೂ ಹೋದೆ. ಅಲರ್ಜಿ ಇರಬಹುದು ಎಂದರು ಡಾಕ್ಟರು. ಚರ್ಮಕ್ಕೆ ಚುಚ್ಚಿ ನೋಡಬೇಕಾದರೆ ಈಗ ಕೊಡುವ ಅಲರ್ಜಿ ಗುಳಿಗೆಯನ್ನು ಕೆಲ ದಿನ ನಿಲ್ಲಿಸಬೇಕು, ಈ ಸ್ಥಿತಿಯಲ್ಲಿ ಅದು ಬೇಡ, ರಕ್ತವನ್ನೇ ಪುಣೆಗೆ ಕಳಿಸಿ ನೋಡೋಣ ಎಂದರು. ಸೂಜಿ ಒಳಹೋದಾಗ ಅವ್ವ ಬೇರೆ ಯಾರದೋ ತೋಳನ್ನು ನೋಡುವಂತೆ ನೋಡಿದಳು. ನನಗೆ ಹೆದರಿಕೆಯೂ ಆಗಲಿಲ್ಲ. ಇವಳು ಸತ್ತರೆ ಶಾಲೆಗೆ ಡಬ್ಬಿ ಯಾರು ಕಟ್ಟುತ್ತಾರೆ ಎಂದಷ್ಟೇ ಯೋಚಿಸಿದೆ.

ವರದಿ ಬಂದ ಮೇಲೆ ಡಾಕ್ಟರು ಮತ್ತೆ ಕರೆಸಿದರು.

"ಬದುವಿನ ಮ್ಯಾಲ ಬೆಳಿಯೂ ಕಾಂಗ್ರೆಸ್ ಕಸ ಇವರಿಗೆ ಆಗಿಬರೂದಿಲ್ಲರಿ. ಸೇವಂತಿಗಿನೂ ಅದರ ಬಳಗನ. ಹೊಲದಾಗ ಮೂಗಿಗೆ ಬಟ್ಟಿ ಕಟ್ಕೋರಿ, ಮನ್ಯಾಗ ಈ ಹೂ ಬಿಡ್ರಿ."

"ಬಿಲ್ವಪತ್ರಿ ನಡೀತೈತೇನ್ರಿ?" ಎಂದ ಅಪ್ಪ.

"ನಡೀತೈತಿ. ಒಂದ ಏರಿಸಿದ್ರ ಸಾಕಲ್ರಿ, ದೇವ್ರೇನು ಎಣಸಾಕ ಕುಂತಾನೇನು?"

ಮನೆಯಲ್ಲಿ ಆಯಿ ಕೂಗಾಡಿದಳು: "ದೇವರ ಹೂವಿನಿಂದ ಜಡ್ಡು ಬರ್ತೈತಂತ? ಆ ಡಾಕ್ಟರನ ಬಾಯಾಗ ಮಣ್ಣ ಬೀಳಲಿ!" ಅಪ್ಪ ಬದುವಿಗೆ ಹೋಗಿ ಕಸದ ಜೊತೆ ಸೇವಂತಿಗೆಯನ್ನೂ ಬೇರುಸಹಿತ ಕಿತ್ತು ತಿಪ್ಪೆಗೆ ಹಾಕಿದ.

ಅವ್ವನ ಉಸಿರು ಸರಿಹೋಯಿತು. ಖುಷಿಪಡಬೇಕಿತ್ತು, ಯಾಕೋ ನನಗೆ ಏನೂ ಅನಿಸಲಿಲ್ಲ. ವಿಭೂತಿ ಹಚ್ಚಿ ಒಂದು ಪತ್ರಿ ಏರಿಸಿದರೆ ಪೂಜೆ ಮುಗಿದೇ ಹೋಗುತ್ತಿತ್ತು. ಮುಗಿಯುವುದೇ ತಡ, ಆಯಿ ಚಹಾಕ್ಕೆ ಕೂಗುವಳು, ಅಪ್ಪ ಬುತ್ತಿಗೆ, ನಾನು ಜಡೆಗೆ.

ಹಾಗೆ ಜಡೆ ಹಾಕಿಸಿಕೊಳ್ಳುತ್ತಿದ್ದಾಗ ಒಂದು ದಿನ ಕನ್ನಡಿಯಲ್ಲಿ ಅವಳ ಬಾಡಿದ ಮುಖ ಕಂಡು ಕೇಳಿದೆ, "ಅವ್ವಾ, ಈಗ ಆರಾಮ ಐತಿಲ್ಲ?"

"ಉಸಿರು ಆರಾಮ ಐತಿ."

"ಮತ್ತ ಮಾರಿ ಯಾಕ ಹಿಂಗ ಮಾಡೀದಿ?"

ಅವಳ ಕೈ ನಿಂತಿತು. "ಪೂಜಿಗೆ ಕುಂತವರ್ನ ಕರೀಬಾರದು ಅಂತೈತಲ್ಲ. ಹೂ ಏರಿಸೂತನಕ ನನ್ನ ಯಾರೂ ಕರೀತಿದ್ದಿಲ್ಲ."

ಒಳಗಿಂದ ಆಯಿ ಕೂಗಿದಳು.

"ಬಂದ್ನಿರಿ ಅತ್ತಿ," ಎಂದು ಅವ್ವ ಅರ್ಧ ಹೆಣೆದ ಜಡೆಯನ್ನು ನನ್ನ ಕೈಗೆ ಕೊಟ್ಟು ಎದ್ದು ಹೋದಳು.